ಪೈ ಧನಿಗಳ 'ಪ'

ಮಂಗಳೂರಿನ 'ಪೈ ಗೋಡಂಬಿ' ಕಚೇರಿಯಲ್ಲಿ ಅರಬ್ಬಿ ಅನುವಾದಕ್ಕೆಂದು ಇದ್ದವನು ಉಮ್ಮರಬ್ಬ. ಪೈ ಧನಿಗಳು ಮಾತ್ರ ಅವನನ್ನು ಕರೆಯುತ್ತಿದ್ದದ್ದು ಉಮರಪ್ಪ ಅಂತ. ತಿದ್ದಿ ತಿದ್ದಿ ಅವನಿಗೇ ಸಾಕಾಗಿತ್ತು.

ಒಂದು ದಿನ ಧನಿಗಳು ಅಪ್ಪಣೆ ಕೊಟ್ಟರು. "ಉಮರಪ್ಪಾ, ದುಬೈಗೆ ಮಾಡಿದ ಅರಬ್ಬಿ ಚೀಟಿಯನ್ನೇ ಇರಾನಿನ ಡಬ್ಬಿಗೂ ಅಂಟಿಸು."

"ಅವರದು ಫಾರಸಿ, ಧನಿಗಳೇ. ಲಿಪಿ ಒಂದೇ ಥರ, ಭಾಷೆ ಬೇರೆ. ಫಾರಸಿ ಬಲ್ಲವರನ್ನು ಕರೆಸಬೇಕು."

"ಬಲದಿಂದ ಎಡಕ್ಕೆ ಬರೆದದ್ದೆಲ್ಲ ಒಂದೇ! ಆಗದಿದ್ದರೆ ನಾಳೆಯಿಂದ ಬರಬೇಡ."

ಉಮ್ಮರಬ್ಬ ಚೀಟಿ ಎತ್ತಿ ಇಡೀ ಕಚೇರಿಗೆ ಕೇಳುವಂತೆ ಓದಿದ: "ಬೈ ಗೋಡಂಬಿ!"

"ಬೈಯಾ? ಯಾರಿಗೆ ಬೈಯುವುದು?"

"ಅದು ನಿಮ್ಮ ಹೆಸರೇ. ಅರಬ್ಬಿಯಲ್ಲಿ 'ಪ' ಇಲ್ಲ, 'ಬ' ಹಾಕುತ್ತಾರೆ. ದುಬೈಯಲ್ಲಿ ನೀವು ಬೈ. ಫಾರಸಿಯಲ್ಲಿ 'ಪ' ಇದೆ. ಇರಾನಿನಲ್ಲಾದರೂ ಪೈ ಆಗಿಯೇ ಉಳಿಯಬಹುದಿತ್ತು."

ಟೈಪಿಸ್ಟ್ ಬಾಯಿಗೆ ಸೆರಗು ಹಿಡಿದಳು. ಧನಿಗಳ ಮುಖ ಇಂಗು ತಿಂದ ಮಂಗನಂತಾಯಿತು. ಫಾರಸಿ ಬಲ್ಲವನಿಗೆ ಅಂದೇ ಫೋನು ಹೋಯಿತು.

"ಅಜ್ಜನ ಕಾಲದ ಹೆಸರು!" ಧನಿಗಳು ಬೆವರು ಒರೆಸಿಕೊಂಡರು. "ಒಂದಕ್ಷರ ಕೆಟ್ಟರೂ ಮನುಷ್ಯನ ಮರ್ಯಾದೆ ಏನುಳಿಯುತ್ತದೆ, ಉಮರಪ್ಪಾ?"

ಉಮ್ಮರಬ್ಬ ಚೀಟಿಯನ್ನು ಮಡಚಿ ಮೇಜಿನ ಮೇಲಿಟ್ಟ.

"ಅರಬ್ಬಿಯಲ್ಲಿ 'ಪ' ಇಲ್ಲ, ಅವರೇನು ಮಾಡಿಯಾರು ಧನಿಗಳೇ? ಕನ್ನಡದಲ್ಲಿ 'ಬ' ಇದೆಯಲ್ಲ!"