ಕೈಗುಣ

“ಗುರುಗಳೇ, ಹೆದರಿಕೆ ಇಟ್ಟುಕೊಂಡು ಸರಿಯಾದ ಕೆಲಸ ಮಾಡಲು ಆಗುತ್ತದೆಯೇ? ಮೊದಲು ಹೆದರಿಕೆ ಹೋಗಬೇಕಲ್ಲವೇ?” ಎಂದು ಶಿಷ್ಯ ಕೇಳಿದ.

“ಮೊದಲು ಒಂದು ನಿಯಮ ಕೇಳು,” ಎಂದರು ಗುರುಗಳು. “ಮಲೇರಿಯಾ ತಪಾಸಣೆಗೆ ಯಾರು ಬಸುರಿಯೋ ಅವಳದೇ ಬೆರಳು ಚುಚ್ಚಬೇಕು. ಜ್ವರ ಇರಲಿ, ಬಿಡಲಿ. ಇದರಲ್ಲಿ ಅರ್ಥವಾಗದ ಮಾತು ಒಂದೂ ಇಲ್ಲ. ಆದರೂ ನಾನು ಹೇಳುವ ಕತೆಯಲ್ಲಿ ಎಲ್ಲರೂ ಇದನ್ನು ಮುರಿದರು. ಮುರಿದವರಲ್ಲಿ ಕೆಟ್ಟವರು ಒಬ್ಬರೂ ಇರಲಿಲ್ಲ.”

ಗುರುಗಳು ಕತೆ ಹೇಳಿದರು.

ಸಮುದ್ರದ ಹತ್ತಿರದ ಒಂದು ಊರಿನಲ್ಲಿ ದೊಡ್ಡ ಕಟ್ಟಡ ಏಳುತ್ತಿತ್ತು. ಕಟ್ಟುವವರು ದೂರದ ಬಯಲುಸೀಮೆಯಿಂದ ಬಂದವರು. ಪಕ್ಕದಲ್ಲೇ ತಗಡಿನ ಶೆಡ್ಡುಗಳಲ್ಲಿ ಸಂಸಾರ ಹೂಡಿದ್ದರು. ಹೊಸ ಗೋಡೆಗೆ ಹಾಕಲು ನಿಲ್ಲಿಸಿದ ನೀರಿನಲ್ಲಿ ಸೊಳ್ಳೆ ಹುಟ್ಟಿತು. ಶೆಡ್ಡುಗಳಿಗೆ ಮಲೇರಿಯಾ ಬಂತು.

ಆ ಭಾಗಕ್ಕೆ ಒಬ್ಬ ಆರೋಗ್ಯ ಕಾರ್ಯಕರ್ತೆ ಇದ್ದಳು. ತಿಂಗಳಿಗೊಮ್ಮೆ ಬಂದು ಬಸುರಿಯರ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಪಟ್ಟಿಯ ಮೇಲೆ ಬಿಟ್ಟು ಕಾಯುವುದು ಅವಳ ಕೆಲಸ. ಒಂದು ಗೆರೆ ಮೂಡಿದರೆ ರೋಗವಿಲ್ಲ. ಎರಡು ಮೂಡಿದರೆ ಇದೆ. ಬಸುರಿಯಲ್ಲಿ ಈ ರೋಗ ಕೂಸಿಗೆ ಆಹಾರ ಒಯ್ಯುವ ಮಾಸಿನಲ್ಲಿ ಅಡಗಿ ಕೂರುತ್ತದೆ. ಮೈ ಬಿಸಿಯಾಗದಿದ್ದರೂ ಒಳಗಿನ ಕೂಸನ್ನು ಸೊರಗಿಸುತ್ತದೆ. ಅದಕ್ಕೇ ಆ ನಿಯಮ. ತರಬೇತಿಯಲ್ಲಿ ಅವಳು ಅದನ್ನು ಬಾಯಿಪಾಠ ಮಾಡಿದ್ದಳು.

ಕಟ್ಟಡದ ಮೇಸ್ತ್ರಿಗೆ ಎರಡು ಗೆರೆ ಎಂದರೆ ಭಯ. ರೋಗ ಕಂಡರೆ ಮೇಲಿನವರು ಬರುತ್ತಾರೆ, ನಿಂತ ನೀರು ನೋಡುತ್ತಾರೆ, ಕೆಲಸ ನಿಲ್ಲಿಸುತ್ತಾರೆ. ಆದ್ದರಿಂದ ರೋಗ ಕಂಡ ಸಂಸಾರ ಅಂದೇ ಗಂಟುಮೂಟೆ ಕಟ್ಟಬೇಕು ಎಂದು ಅವನು ಹೇಳಿಟ್ಟಿದ್ದ. ಒಂದು ಸಂಸಾರ ಹಾಗೆ ಹೋದದ್ದನ್ನು ಎಲ್ಲರೂ ನೋಡಿದ್ದರು.

ಹೆಂಗಸರು ಒಂದು ಉಪಾಯ ಮಾಡಿದರು. ಬಸುರಿಗೆ ಹೊರಗಿನವರ ದೃಷ್ಟಿ ತಾಗಬಾರದು ಎಂದು ಹೇಳಿ ಶೆಡ್ಡಿನ ಬಾಗಿಲಿಗೆ ಸೀರೆ ಕಟ್ಟಿದರು. ಕಾರ್ಯಕರ್ತೆ ಹೊರಗೆ ಕೂರಬೇಕು. ಸೀರೆಯ ಸಂದಿನಿಂದ ಒಂದು ಕೈ ಮಾತ್ರ ಬರುತ್ತದೆ. ಆ ಕೈ ತುಂಬ ಹಸಿರು ಬಳೆ. ಬಳೆ ಬಸುರಿಯದು. ಕೈ ಬೇರೆಯವಳದು.

ಆ ಕೈ ಇಟ್ಟಿಗೆ ಹೊರುವ ಒಬ್ಬ ಹುಡುಗಿಯದು. ಅವಳಿಗೆ ಇನ್ನೂ ಮದುವೆಯಾಗಿರಲಿಲ್ಲ. ಮೊದಲ ಸಲ ಅವಳ ರಕ್ತಕ್ಕೆ ಒಂದೇ ಗೆರೆ ಮೂಡಿತು. ಅವಳ ಕೈಗುಣ ಒಳ್ಳೆಯದು ಎಂದರು. ಮುಂದೆ ಯಾವ ಶೆಡ್ಡಿನಲ್ಲಿ ಬಸುರಿ ಇದ್ದರೂ ಅವಳನ್ನೇ ಕರೆದರು. ಬಳೆ ಏರಿಸುವಾಗ ಹೆಂಗಸರಿಗೆ ನಗು.

“ಮದಿವಿಲ್ಲ, ಗಂಡಿಲ್ಲ, ತಿಂಗಳಿಗೊಮ್ಮಿ ಬಸುರಾಗ್ತಾಳ ನೋಡ್ರೆವ್ವಾ ಈಕಿ!”

ಅವಳೂ ನಗುತ್ತಿದ್ದಳು.

ಕಾರ್ಯಕರ್ತೆಗೆ ಇದು ತಿಳಿಯದೆ ಇರಲಿಲ್ಲ. ಒಂದು ದಿನ ಬೆಳಿಗ್ಗೆ ಒಂದು ಶೆಡ್ಡಿನಲ್ಲಿ ಬೆರಳು ಚುಚ್ಚಿ, ಪಕ್ಕದ ಶೆಡ್ಡಿನ ಮುಂದೆ ಕೂತಳು. ಸೀರೆಯ ಸಂದಿನಿಂದ ಕೈ ಬಂತು. ಬೆರಳ ತುದಿಯಲ್ಲಿ, ಆಗತಾನೇ ತಾನು ಚುಚ್ಚಿದ ಗುರುತು ಹಸಿಯಾಗಿತ್ತು. ಅವಳು ಅದೇ ಕೈಯ ಪಕ್ಕದ ಬೆರಳು ಹಿಡಿದು ಚುಚ್ಚಿದಳು. ಜಗಳ ತೆಗೆದರೆ ಮೇಸ್ತ್ರಿ ನಾಳೆಯಿಂದ ಗೇಟಿನೊಳಗೇ ಬಿಡುವುದಿಲ್ಲ ಎಂಬ ಭಯ ಅವಳದು. ಒಂದು ಗೆರೆ ಮೂಡಿತು. ರೋಗವಿಲ್ಲ ಎಂದು ಹೇಳಿ ಎದ್ದಳು.

ಹುಡುಗಿಯ ಬೆರಳಿನ ನೋವು ಆರುವ ಮೊದಲೇ ಆ ಎರಡನೆಯ ಶೆಡ್ಡಿನ ಬಸುರಿಗೆ ನಡುಕ ಬಂತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೂಸು ಹೋಗಿತ್ತು. ಆಮೇಲೆ ತಾಯಿಯೂ ಹೋದಳು. ಹೆಣ ಒಯ್ಯಲು ಊರಿನಿಂದ ಅವಳ ತಂದೆ ಬಂದ. ಅವನಿಗೆ ಯಾವುದೂ ಗೊತ್ತಿರಲಿಲ್ಲ. ಕಾರ್ಯಕರ್ತೆಯನ್ನು ಕಂಡು ಕೈಮುಗಿದ.

“ನೀವ ತಪಾಸ ಮಾಡಿದ್ರಂತಲ್ರೀ ಅಕ್ಕಾರ. ಏನೂ ಇಲ್ಲ ಅಂದಿದ್ರಂತಲ್ಲ. ಮತ್ತ ಹೆಂಗಾತ್ರೀ?”

ಇಟ್ಟಿಗೆ ಹೊತ್ತು ಹೋಗುತ್ತಿದ್ದ ಹುಡುಗಿ ಆ ಮಾತು ಕೇಳಿಸಿಕೊಂಡಳು. ಅಂದಿನಿಂದ ಅವಳಿಗೆ ತನ್ನ ಕೈ ಎಂದರೆ ಭಯ. ಉಣ್ಣುವಾಗ ಅದನ್ನು ನೋಡುತ್ತಿರಲಿಲ್ಲ.

ಮುಂದಿನ ತಿಂಗಳು ಬಂತು. ಈ ಸಲ ಬಸುರಿ ಅವಳ ಅಣ್ಣನ ಹೆಂಡತಿ. ತಗಡು ಸುಡುವ ಮಧ್ಯಾಹ್ನದಲ್ಲಿ ಅತ್ತಿಗೆ ಕಂಬಳಿ ಕೇಳುತ್ತಿದ್ದಳು. ಬಸುರಿದ್ದಾಗ ಹೀಗೆ ಥಂಡಿ ಹತ್ತುತ್ತದೆ ಎಂದು ಹುಡುಗಿಯ ತಾಯಿ ಹೇಳಿದಳು. ಹೇಳುವಾಗ ಮಗಳ ಮುಖ ನೋಡಲಿಲ್ಲ.

“ಯವ್ವಾ, ನಾ ಈ ಸಲ ಕೈ ಕೊಡೂದಿಲ್ಲ,” ಎಂದಳು ಮಗಳು.

“ಕೊಡಬ್ಯಾಡ. ಹೊರಗ ಹಾಕಿದ್ರ ಎಲ್ಲಿಗಿ ಹೋಗೂದು, ಅದನ್ನೂ ನೀನ ಹೇಳಿಬಿಡು. ಊರಾಗ ಮನಿ ಗ್ವಾಡಿ ಬಿದ್ದು ಎರಡು ಮಳಿಗಾಲ ಆತು.”

ಮಗಳಿಗೆ ಇನ್ನೊಂದು ಭಯವೂ ಇತ್ತು. ಈಗ ನಿಜ ಹೇಳಿದರೆ ಹಿಂದಿನದೂ ಹೊರಗೆ ಬೀಳುತ್ತದೆ. ಸತ್ತವಳ ಪರವಾಗಿ ಕೈ ಚಾಚಿದವಳು ಯಾರು ಎಂದು ಸತ್ತವಳ ತಂದೆಗೂ ತಿಳಿಯುತ್ತದೆ.

ಕಾರ್ಯಕರ್ತೆ ಬಂದು ಸೀರೆಯ ಮುಂದೆ ಕೂತಳು. ಹಿಂದೆಯೇ ಮೇಸ್ತ್ರಿ ಬಂದ. ಆ ಸಾವಿನ ನಂತರ ಅವನಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ಆದರೂ ತಮಾಷೆ ಬಿಡಲಿಲ್ಲ.

“ಸೊಳ್ಳಿಗಿಂತ ನೀವ ಹೆಚ್ಚ ರಕ್ತ ಹೀರ್ತೀರಲ್ರೀ ಅಕ್ಕಾರ. ಲಗೂನ ಮುಗಸ್ರಿ.”

ಒಳಗೆ ತಾಯಿ ಸೊಸೆಯ ಬಳೆಗಳನ್ನು ಬಿಚ್ಚಿ ಮಗಳ ಕೈಗೆ ಏರಿಸಿದಳು. ಸೊಸೆಯ ಹಲ್ಲು ಕಟಕಟಿಸುತ್ತಿತ್ತು. ಅದು ಹೊರಗೆ ಕೇಳಬಾರದೆಂದು ಸೊಸೆಯ ಬಾಯಿಗೆ ಸೆರಗು ತುರುಕಿದಳು. ತುರುಕುತ್ತ ತಾನೇ ಅಳುತ್ತಿದ್ದಳು. ಮಗಳು ಅದನ್ನು ನೋಡಿದಳು.

ಸೀರೆಯ ಸಂದಿನಿಂದ ಕೈ ಹೊರಗೆ ಬಂತು. ಬಳೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಕಾರ್ಯಕರ್ತೆ ಬೆರಳ ತುದಿ ಒರೆಸಿ ಸೂಜಿ ತೆಗೆದಳು. ಬೆರಳು ಮಡಿಚಿಕೊಂಡಿತು. ಉಳಿದ ಬೆರಳುಗಳೂ ಮಡಿಚಿಕೊಂಡವು.

“ಬಿಡಿಸು ಮಾರಾಯ್ತಿ. ಒಂಚೂರು ಚುರುಕ್ ಅಂತದೆ, ಅಷ್ಟೇ.”

ಮುಷ್ಟಿ ಬಿಚ್ಚಲಿಲ್ಲ. ಕಾರ್ಯಕರ್ತೆ ತನ್ನ ಬೆರಳುಗಳಿಂದ ಅದನ್ನು ಬಿಡಿಸಲು ನೋಡಿದಳು. ಮುಷ್ಟಿ ಇನ್ನೂ ಬಿಗಿಯಾಯಿತು. ಸೀರೆಯ ಹಿಂದೆ ಯಾರೋ ಯಾರನ್ನೋ ಸುಮ್ಮನಿರಿಸುವ ಪಿಸುಮಾತು ಕೇಳಿಸಿತು. ಮೇಸ್ತ್ರಿ ಹತ್ತಿರ ಬಂದ.

ಆಗ ಸೀರೆಯ ಹಿಂದಿನಿಂದ, ಮೇಸ್ತ್ರಿಗೂ ಪಕ್ಕದ ಶೆಡ್ಡುಗಳಿಗೂ ಕೇಳುವಷ್ಟು ಗಟ್ಟಿಯಾಗಿ, ಹುಡುಗಿಯ ಅಳುವ ದನಿ ಬಂತು.

“ಇದು ನನ್ನ ಕೈರೀ ಅಕ್ಕಾರ. ಬಸುರಿ ಒಳಗದಾಳ.”

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಆಮೇಲೆ ಏನಾಯಿತು, ಗುರುಗಳೇ? ಅತ್ತಿಗೆ ಉಳಿದಳೇ? ಮೇಸ್ತ್ರಿ ಅವರನ್ನು ಓಡಿಸಿದನೇ?”

“ಮುಷ್ಟಿ ಬಿಗಿಯುವಾಗ ಅದು ಅವಳಿಗೂ ಗೊತ್ತಿರಲಿಲ್ಲ. ಹೆದರಿಕೆಯೂ ಹೋಗಿರಲಿಲ್ಲ,” ಎಂದರು ಗುರುಗಳು.