ಎಲೆಸಾಲಿನ ನಕ್ಷತ್ರಗಳು ಎದ್ದು ಹೋಗದಿರುವುದು ಯಾಕೆ

ಲೋಕಕ್ಕೆ ಇನ್ನೂ ನಾಮಕರಣ ಆಗಿರಲಿಲ್ಲ. ಹಗಲು ಇರಲಿಲ್ಲ, ರಾತ್ರಿಯೂ ಇರಲಿಲ್ಲ. ನಾವಿರುವ ಈ ತೇಲುಮನೆ, ಈ ಆಕಾಶದ ಹಡಗು, ನಕ್ಷತ್ರಗಳ ನಡುವೆ ಹೊರಟದ್ದೆಲ್ಲ ತೀರಾ ಈಚೆಗೆ. ಆಗ ಇದ್ದವಳು ಕತ್ತಲವ್ವ ಒಬ್ಬಳೇ, ಮತ್ತೆ ಅವಳ ಮನೆ ತುಂಬ ಮಕ್ಕಳು. ಆ ಮಕ್ಕಳೇ ನಕ್ಷತ್ರಗಳು. ಆದರೆ ಒಬ್ಬರಿಗೂ ಬೆಳಕಿಲ್ಲ, ಯಾಕಂದರೆ ಒಬ್ಬರೂ ಇನ್ನೂ ಉಂಡಿರಲಿಲ್ಲ. ಹಸಿದ ಹೊಟ್ಟೆಯಲ್ಲಿ ಯಾರು ಬೆಳಗುತ್ತಾರೆ ಹೇಳು.

ಕಾಲು ಅಲ್ಲಾಡಿಸಬೇಡ ತಾರಿಣಿ, ನನ್ನ ತಲೆ ತಿರುಗುತ್ತದೆ. ಅಜ್ಜಿ ಕಥೆ ಹೇಳುವಾಗ ನೆಟ್ಟಗೆ ಕೂತು ಕೇಳು.

ಕತ್ತಲವ್ವ ಒಂದು ದಿನ ದೊಡ್ಡ ಹಂಡೆಯಲ್ಲಿ ಮೋಡದ ಅನ್ನ ಮಾಡಿದಳು. ದಿನವೇ ಇರಲಿಲ್ಲ ಅಂದೆಯಲ್ಲ ಅಂತ ಕೇಳಿದರೆ ಕಥೆ ನಿಲ್ಲಿಸಿಬಿಡ್ತೀನಿ. ಮಕ್ಕಳನ್ನೆಲ್ಲ ಗೆರೆ ಎಳೆದ ಹಾಗೆ ಸಾಲಾಗಿ ಕೂರಿಸಿ, ಎಲೆ ಹಾಕಿ ಬಡಿಸಿದಳು. ದೊಡ್ಡವರಿಗೊಂದು, ಚಿಕ್ಕವರಿಗೊಂದು ಅನ್ನುವ ಪಂಕ್ತಿಭೇದ ಅವಳ ಹತ್ತಿರ ಇರಲಿಲ್ಲ. ಆದರೆ ಒಂದು ಕಟ್ಟುನಿಟ್ಟು ಇತ್ತು. ಕೊನೆಯ ಎಲೆಯವರು ಉಂಡು ಮುಗಿಸುವ ತನಕ ಯಾರೂ ಏಳುವಂತಿಲ್ಲ. ಆ ಸಾಲಿನಿಂದಲೇ ನಮ್ಮ ಗ್ಯಾಲಕ್ಸಿಗೆ ಎಲೆಸಾಲು ಅಂತ ಹೆಸರು ಬಂದದ್ದು.

ಸಾಲಿನ ತಲೆಯಲ್ಲಿ ಕೂತವನು ಭುಗಿಲಣ್ಣ, ನೀಲಿ ನಕ್ಷತ್ರ. ಎಲ್ಲರಿಗಿಂತ ದೊಡ್ಡವ, ಎಲ್ಲರಿಗಿಂತ ಅವಸರದವ. ಅನ್ನ ಎಲೆಗೆ ಬೀಳುವ ಮೊದಲೇ ಬಾಯಿಗೆ. ಗಬಗಬ ಉಂಡ, ಧಗಧಗ ಹೊತ್ತಿಕೊಂಡ. ಹೊತ್ತಿಕೊಂಡಿದ್ದೇ ತಡ, ಅವನಿಗೆ ಕೂರಲಾಗಲಿಲ್ಲ. ಮುಳ್ಳಿನ ಮೇಲೆ ಕೂತ ಹಾಗೆ ಚಡಪಡಿಸಿದ. ಆಚೆ ಎಷ್ಟೊಂದು ಬಯಲಿದೆ, ಓಡಿ ನೋಡಬೇಕು ಅಂದ. ಅವನನ್ನು ನೋಡಿ ಪಕ್ಕದವರಿಗೂ ಅದೇ ಚಡಪಡಿಕೆ ಹತ್ತಿತು.

ಸಾಲಿನ ಕೊನೆಯಲ್ಲಿ ಕೂತವಳು ಕೆಂಪಿ. ಎಲ್ಲರಿಗಿಂತ ಚಿಕ್ಕವಳು. ಅವಳದು ಗುಬ್ಬಿಯ ಬಾಯಿ, ಒಂದು ತುತ್ತು ಅಗಿಯುವಷ್ಟರಲ್ಲಿ ಉಳಿದವರ ಎಲೆ ಖಾಲಿ. ಮೈಯಲ್ಲಿ ಒಂದು ಕೆಂಡದಷ್ಟು ಬೆಳಕು.

ಮುಗೀತಾ ಕೆಂಪಿ ಅಂತ ಭುಗಿಲಣ್ಣ ಕೇಳಿದ. ಇಲ್ಲ ಅಂದಳು. ಮುಗೀತಾ ಅಂತ ಮತ್ತೆ ಕೇಳಿದ. ಇನ್ನೂ ಇಲ್ಲ ಅಂದಳು. ಆಮೇಲೆ ಸಾಲಿಗೆ ಸಾಲೇ ಕೇಳತೊಡಗಿತು, ಮುಗೀತಾ, ಮುಗೀತಾ.

ಆಗ ಬಂತು ಗಾಳಿ. ಗಾಳಿಗೆ ಎಲೆಯೂ ಇಲ್ಲ, ಮಣೆಯೂ ಇಲ್ಲ. ಹುಟ್ಟಿದಾಗಲೇ ಕಾಲಿಗೆ ಚಕ್ರ ಕಟ್ಟಿಕೊಂಡದ್ದು ಅದು. ಏಳಬಾರದು ಅಂದಿದ್ದಾಳೆ ಅವ್ವ, ಸರಿಯಬಾರದು ಅಂದಿಲ್ಲವಲ್ಲ ಅಂತ ಭುಗಿಲಣ್ಣನ ಕಿವಿಯಲ್ಲಿ ಊದಿತು. ಸರಿ, ಶುರುವಾಯಿತು ನೋಡು. ಭುಗಿಲಣ್ಣ ಕೂತಲ್ಲೇ ಸರಿದು ಪಕ್ಕದವನನ್ನು ನೂಕಿದ. ಅವನು ತನ್ನ ಪಕ್ಕದವಳನ್ನು ನೂಕಿದ. ನೆಟ್ಟಗಿದ್ದ ಸಾಲು ಬಾಗಿತು. ಬಾಗಿದ ಸಾಲು ತಿರುಗಿತು. ಕತ್ತಲವ್ವ ನೋಡಿಯೂ ನೋಡದ ಹಾಗೆ ಇದ್ದಳು. ತಾಳಿದವನು ಬಾಳಿಯಾನು ಅಂತ ಗೊಣಗಿದಳು, ಅಷ್ಟೇ.

ಗಾಳಿ ಅಷ್ಟಕ್ಕೇ ಸುಮ್ಮನಿರುತ್ತದೆಯೇ? ಕೆಂಪಿಯ ಹತ್ತಿರವೂ ಬಂತು. ನಿನ್ನ ಎಲೆಯಲ್ಲಿ ಇನ್ನು ಒಂದೇ ಹಿಡಿ ಅನ್ನ, ಅದು ಮುಗಿದ ಕೂಡಲೇ ಇವರೆಲ್ಲ ಎದ್ದು ದಿಕ್ಕಿಗೊಬ್ಬರು ಓಡುತ್ತಾರೆ, ನಿನ್ನ ಪುಟ್ಟ ಕಾಲಿಗೆ ಒಬ್ಬರೂ ಸಿಗುವುದಿಲ್ಲ ಅಂತು. ಹೇಳಿ ಹೊರಟೇ ಹೋಯಿತು. ಗಾಳಿಗೇನು.

ಕೆಂಪಿಗೆ ಭಯವಾಯಿತು. ಅಷ್ಟು ದೊಡ್ಡ ಬಯಲಲ್ಲಿ ತಾನೊಬ್ಬಳೇ. ಬಾಯಿಗೆ ಹೋಗುತ್ತಿದ್ದ ಕೈ ನಿಂತಿತು. ತುತ್ತನ್ನು ಎಲೆಗೆ ಇಳಿಸಿ, ಒಂದೇ ಒಂದು ಅಗುಳು ತೆಗೆದುಕೊಂಡಳು. ಅದನ್ನು ಅಗಿದಳು, ಅಗಿದಳು, ಅಗಿಯುತ್ತಲೇ ಇದ್ದಳು.

ಸಾಲು ಒಂದು ಸುತ್ತು ತಿರುಗಿತು. ಕೆಂಪಿ ಎರಡನೇ ಅಗುಳು ತೆಗೆದುಕೊಂಡಳು. ಸಾಲು ಇನ್ನೊಂದು ಸುತ್ತು ತಿರುಗಿತು. ಕೆಂಪಿ ಮೂರನೆಯದು ತೆಗೆದುಕೊಂಡಳು.

ಭುಗಿಲಣ್ಣನಿಗೆ ತಡೆಯಲಾಗಲಿಲ್ಲ. ಒಂದು ಮೊಣಕಾಲು ಎತ್ತಿಯೇಬಿಟ್ಟ. ಅವನೊಬ್ಬ ಎದ್ದರೆ ಸಾಕು, ಅವನ ಹಿಂದೆ ಏಳಲು ಉಳಿದವರೆಲ್ಲ ಕಾಯುತ್ತಿದ್ದರು. ಒಂದು ಹಿಡಿ ಅನ್ನಕ್ಕೆ ಇಷ್ಟು ಹೊತ್ತಾ, ಬೇಕಂತಲೇ ಮಾಡ್ತಿದ್ದೀಯಾ ಅಂತ ಗದರಿದ.

ಕೆಂಪಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಹೌದಣ್ಣ, ಬೇಕಂತಲೇ. ನಾನು ಉಂಡು ಮುಗಿಸಿದರೆ ನೀವೆಲ್ಲ ಹೋಗಿಬಿಡ್ತೀರಿ. ನನಗೆ ಒಬ್ಬಳೇ ಇರೋಕೆ ಭಯ."

ಎಲ್ಲರೂ ಅವನ ಮೊಣಕಾಲನ್ನೇ ನೋಡಿದರು. ಭುಗಿಲಣ್ಣ ಬಯಲನ್ನು ನೋಡಿದ. ಕೆಂಪಿಯ ಎಲೆಯನ್ನು ನೋಡಿದ. ಬಯಲಿನ ಆಸೆ ಅವನಿಗೆ ಹೋಗಿರಲಿಲ್ಲ ಮರಿ, ಒಂಚೂರೂ ಹೋಗಿರಲಿಲ್ಲ. ಆದರೂ ಕಾಲು ಮಡಚಿ ಕೂತ.

"ಹಾಗಾದರೆ ಸರಿಯಾಗಿ ಅಗಿದು ತಿನ್ನು," ಅಂದ. "ಗಂಟಲಿಗೆ ಸಿಕ್ಕೀತು."

ಕೂತನೇನೋ ಕೂತ, ಸುಮ್ಮನೆ ಕೂರಲಿಲ್ಲ. ಒದ್ದಾಡಿದ, ಕೆಂಡ ಕಾರಿದ, ಮೊದಲಿಗಿಂತ ಜೋರಾಗಿ ಸಾಲನ್ನು ನೂಕಿದ. ಗಬಗಬ ಉಂಡವನ ಬೆಂಕಿ ಬೇಗ ತೀರುತ್ತದೆ. ಕೊನೆಗೊಂದು ಹೊತ್ತು ಕೂತಲ್ಲೇ ಸಿಡಿದು ಹೋದ, ಏಳದೆ. ಅವನ ಕಿಡಿಗಳು ಎಲ್ಲರ ಮೈಮೇಲೂ ಬಿದ್ದವು. ಕೆಂಪಿ ತುಂಬಾ ಅತ್ತಳು. ಅಳುತ್ತಲೇ ಇನ್ನೊಂದು ಅಗುಳು ತೆಗೆದುಕೊಂಡಳು. ಆಮೇಲೆ ಮುಗೀತಾ ಅಂತ ಅವಳನ್ನು ಯಾರೂ ಕೇಳಲಿಲ್ಲ.

ಅದಕ್ಕೇ ನೀನು ಕಿಟಕಿಯಿಂದ ಯಾವಾಗ ನೋಡಿದರೂ ಎಲೆಸಾಲು ಹಾಗೆ ಬಾಗಿಕೊಂಡು, ಒಂದು ಗಳಿಗೆಯೂ ನಿಲ್ಲದೆ ಸುತ್ತುತ್ತಿರುತ್ತದೆ, ಆದರೂ ಒಂದು ನಕ್ಷತ್ರವೂ ಎದ್ದು ಹೋಗುವುದಿಲ್ಲ. ಆ ತುದಿಯಲ್ಲಿ ಕೆಂಪಗೆ ಮಿಣುಕುವವಳು ಇನ್ನೂ ಉಣ್ಣುತ್ತಿದ್ದಾಳೆ.