ಬ್ಯಾಟರಿ ಮತ್ತು ಕಬ್ಬಿಣದ ಗಾರ್ಡು

ಹಗುರವಾದ ಫೈಬರ್ ಮೈ, ಹೊಸ ಮೋಟಾರು. ಅರ್ಧ ಚಾರ್ಜಿನಲ್ಲೇ ಊರೆಲ್ಲ ಸುತ್ತಿಸಬಲ್ಲೆನೆಂದು ಆ ಆಟೋದ ಬ್ಯಾಟರಿಗೆ ಬಲು ಹೆಮ್ಮೆ. ಮಾಲೀಕ ಬೋರಲಿಂಗಯ್ಯನಿಗೆ ಮಾತ್ರ ಆ ಹಗುರವೇ ಹೆದರಿಕೆ. ವಾರ ಕಳೆಯುವುದರೊಳಗೆ ಮುಂದೆ ದಪ್ಪ ಕಬ್ಬಿಣದ ಗಾರ್ಡು ಬಿಗಿಸಿದ, ಮೇಲೆ ಕ್ಯಾರಿಯರ್ ಕೂರಿಸಿದ, ಸೀಟಿನ ಹಿಂದೆ ಜೋಡಿ ಸೌಂಡ್ ಬಾಕ್ಸ್ ತುರುಕಿದ. ಅಂದಿನಿಂದ ಗಾಡಿ ಸಂತೆಮಾಳದ ದಿಬ್ಬದಲ್ಲಿ ಏದುಸಿರು ಬಿಡತೊಡಗಿತು.

"ಇವತ್ತೂ ದಿಬ್ಬದಲ್ಲಿ ನಿಂತರೆ ಈ ದರಿದ್ರ ಬ್ಯಾಟರಿಯನ್ನು ಗುಜರಿಗೆ ಹಾಕುತ್ತೇನೆ" ಎಂದು ಬೋರಲಿಂಗಯ್ಯ ಬೆಳಿಗ್ಗೆಯೇ ಶಪಥ ಮಾಡಿದ.

ಬ್ಯಾಟರಿ ಗಾರ್ಡಿನ ಮುಂದೆ ಅಂಗಲಾಚಿತು. "ಅಣ್ಣಾ, ಎಲ್ಲಾದರೂ ಕಳಚಿಕೊಂಡು ಬೀಳಬಾರದೇ? ನನ್ನ ಜೀವ ಉಳಿದೀತು."

"ಕೃತಘ್ನ! ನಾನಿರುವುದೇ ನಿಮ್ಮೆಲ್ಲರ ರಕ್ಷಣೆಗೆ."

"ಇದುವರೆಗೆ ಯಾರಾದರೂ ಬಂದು ಗುದ್ದಿದ್ದಾರೆಯೇ?"

"ಒಬ್ಬರೂ ಇಲ್ಲ. ನನ್ನ ಸೇವೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?"

ದಿಬ್ಬ ಬಂತು. ಬ್ಯಾಟರಿ ಇದ್ದಬದ್ದ ಶಕ್ತಿಯನ್ನೆಲ್ಲ ಮೋಟಾರಿಗೆ ಧಾರೆಯೆರೆಯಿತು. ಮುಕ್ಕಾಲು ಏರಿದ ಗಾಡಿ ನಿಂತಿತು, ಯೋಚಿಸಿತು, ತನ್ನ ಭಾರಕ್ಕೆ ಬ್ರೇಕಿಗೂ ಬಗ್ಗದೆ ಹಿಂದಕ್ಕೆ ಜಾರಿ, ಕೆಳಗಿದ್ದ ಹುಣಸೆಮರಕ್ಕೆ ಬೆನ್ನು ಕೊಟ್ಟಿತು. ಫೈಬರ್ ಬೆನ್ನು ಹಪ್ಪಳದಂತೆ ಪುಡಿಯಾಯಿತು.

"ನೋಡಿದೆಯಾ? ನನಗೆ ಒಂದು ಗೀರೂ ಬಿದ್ದಿಲ್ಲ!" ಎಂದು ಗಾರ್ಡು ಬೀಗಿತು.

ಬೋರಲಿಂಗಯ್ಯ ಇಳಿದು ಬಂದ. ಗಾರ್ಡನ್ನು ಪ್ರೀತಿಯಿಂದ ಸವರಿದ. ಮುರಿದ ಬೆನ್ನು ನೋಡಿ ತಲೆಯಾಡಿಸಿದ.

"ಪಾಪ, ತಪ್ಪು ಬ್ಯಾಟರಿಯದಲ್ಲ, ನನ್ನದೇ. ನಾಳೆಯೇ ಹಿಂದಕ್ಕೂ ಒಂದು ಗಾರ್ಡು ಹಾಕಿಸಬೇಕು."

ಅಂದಿನಿಂದ ಬ್ಯಾಟರಿ ಗುಜರಿಯವನ ದಾರಿ ಕಾಯುತ್ತಿದೆ.